ಗಾಯದ ಕಾಗದ

ಅರಳಗುಪ್ಪೆಯ ಕಡೆಯವರಿಗೆ ಬೀಳುವುದೆಂದರೆ ಮರದಿಂದ ಬೀಳುವುದೆಂದೇ ಅರ್ಥ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ನಡುವಿನ ಆ ತೆಂಗಿನ ಸೀಮೆಯಲ್ಲಿ ಕಣ್ಣು ಹಾಯುವಷ್ಟು ದೂರವೂ ತೋಟಗಳೇ. ಮನೆಯ ಅಟ್ಟದ ಮೇಲೆ ಕಾಯಿ, ಹಿತ್ತಿಲಿನಲ್ಲಿ ಮಟ್ಟೆಯ ರಾಶಿ, ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿಯ ಚೀಲ. ಬದುಕೆಲ್ಲ ಆ ಒಂದು ಮರವನ್ನು ಆಶ್ರಯಿಸಿ ನಿಂತಿದೆ. ಮರವೇರಿದವನೊಬ್ಬ ಜಾರಿ ಬಿದ್ದು ಭುಜವನ್ನೋ ಬೆನ್ನನ್ನೋ ಮುರಿದುಕೊಂಡ ಸಂಗತಿಯನ್ನು ಕೇಳದವರು ಅಲ್ಲಿ ವಿರಳ. ಆದುದರಿಂದ ತೋಟದ ಕೆಲಸಗಾರನೊಬ್ಬನನ್ನು ಮುರಿದ ಭುಜದೊಡನೆ ಆಸ್ಪತ್ರೆಗೆ ಹೊತ್ತು ತಂದು, "ಬಿದ್ಬಿಟ್ಟ ಸ್ವಾಮಿ" ಎಂದರೆ, ಕೇಳಿದವರು ಮತ್ತೆ ವಿಚಾರಿಸುವ ಅಗತ್ಯವನ್ನೇ ಕಾಣುವುದಿಲ್ಲ. ಮರವೆಂಬುದು ತಾನಾಗಿಯೇ ಆ ಮಾತಿನೊಳಗೆ ಸೇರಿಕೊಂಡುಬಿಡುತ್ತದೆ.

ಈ ಒಂದು ಮಾತಿನಿಂದ ಒಂದು ಸಂಸಾರದ ಭವಿಷ್ಯ ಹೇಗೆ ಅಲುಗಾಡಬಹುದೆಂಬುದನ್ನು ತಿಳಿಯಲು ಒಂದು ಪ್ರಸಂಗವನ್ನು ಊಹಿಸಿಕೊಳ್ಳಬಹುದು. ಅರಳಗುಪ್ಪೆಯ ಒಬ್ಬ ಮನುಷ್ಯ, ವಯಸ್ಸು ಮೂವತ್ತೆಂಟು, ಕಾಯಿ ಸುಲಿಯುವುದು ಅವನ ಕಸುಬು. ಸಂಜೆ ಕೆಲಸ ಮುಗಿಸಿಕೊಂಡು ಮೊಪೆಡ್ಡಿನ ಮೇಲೆ ಮನೆಗೆ ಹೊರಟಿದ್ದಾನೆ. ತುಮಕೂರಿನಿಂದ ತಿಪಟೂರಿಗೆ ಹೋಗುವ ಹೆದ್ದಾರಿಯಲ್ಲಿ ಹಿಂದಿನಿಂದ ಬಂದ ಕಾರೊಂದು ತಗುಲಿ ಅವನನ್ನು ರಸ್ತೆಯ ಬದಿಗೆ ಎಸೆಯುತ್ತದೆ. ದಾರಿಹೋಕರು ಓಡಿ ಬಂದು ಎತ್ತುತ್ತಾರೆ. ಗುರುತಿನವರಿಬ್ಬರು ಆಸ್ಪತ್ರೆಗೆ ಸೇರಿಸುತ್ತಾರೆ. ಅವರು ಅಪಘಾತವನ್ನು ಕಣ್ಣಾರೆ ಕಂಡವರಲ್ಲ. ಡಾಕ್ಟರು "ಏನಾಯ್ತು?" ಎಂದರೆ ಅವರು ಹೇಳುವುದು ತಮಗೆ ಗೊತ್ತಿರುವಷ್ಟನ್ನೇ: "ಬಿದ್ಬಿಟ್ಟ ಸ್ವಾಮಿ, ಕಾಯಿ ಕೆಲಸದೋನು." ಗಾಯಗೊಂಡವನು ನೋವಿನಿಂದ ನರಳುತ್ತಿದ್ದಾನೆ, ಅವನಿಗೆ ಮಾತು ಹೊರಡದು. ಡ್ಯೂಟಿಯ ಡಾಕ್ಟರ ಮುಂದೆ ಇನ್ನೂ ಹತ್ತು ಮಂದಿ ರೋಗಿಗಳಿದ್ದಾರೆ. ಕೇಸ್ ಷೀಟಿನಲ್ಲಿ ಒಂದು ಸಾಲು ಬೀಳುತ್ತದೆ: ಮರದಿಂದ ಬಿದ್ದದ್ದು, ಬಲ ಭುಜದಲ್ಲಿ ನೋವು.

ಡಾಕ್ಟರು ಸುಳ್ಳು ಬರೆಯಲಿಲ್ಲ, ಕೇಳಿದ್ದನ್ನು ಬರೆದರು. ಕರೆತಂದವರೂ ಸುಳ್ಳು ಹೇಳಲಿಲ್ಲ. ಅವನು ಬಿದ್ದದ್ದು ನಿಜ. ಆದರೂ ಕಾಗದದ ಮೇಲೆ ಕಾರು ಮಾಯವಾಯಿತು.

ಮುಂದೆ ಎಷ್ಟೋ ತಿಂಗಳ ಮೇಲೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ವಿಚಾರಣೆ ನಡೆಯುವಾಗ, ಕಾರಿಗೆ ವಿಮೆ ನೀಡಿದ್ದ ಕಂಪೆನಿಯ ವಕೀಲರು ಎದ್ದು ನಿಂತು ಓದುವುದು ಈ ಸಾಲನ್ನೇ. ಪೊಲೀಸರಿಗೆ ಕೊಟ್ಟ ದೂರು ಎರಡು ದಿನ ತಡವಾದದ್ದು. ಅದನ್ನು ಯೋಚಿಸಿ ಬರೆಸಿರಬಹುದು. ಆಸ್ಪತ್ರೆಯ ಕಾಗದವಾದರೋ ಮೊದಲ ಗಂಟೆಯದು. ಆಗ ಯಾರಿಗೂ ಪರಿಹಾರದ ಯೋಚನೆ ಬಂದಿರಲಾರದು. ಆದುದರಿಂದ ಯಾವುದು ನಿಜ? ವಕೀಲರ ಈ ಪ್ರಶ್ನೆ ಅಸಂಬದ್ಧವೆಂದು ಹೇಳುವಂತಿಲ್ಲ. ನ್ಯಾಯಾಧೀಶರೂ ಅದನ್ನು ತಳ್ಳಿಹಾಕುವಂತಿಲ್ಲ. ಇಂಥ ದಾವೆಗಳಲ್ಲಿ ಕೊಲೆ ಮೊಕದ್ದಮೆಯಷ್ಟು ಕಟ್ಟುನಿಟ್ಟಾದ ರುಜುವಾತು ಬೇಕಿಲ್ಲ. ಯಾವುದು ಹೆಚ್ಚು ಸಂಭವನೀಯವೋ ಅದನ್ನೇ ನಂಬತಕ್ಕದ್ದು. ಆದರೆ ಸಂಭವದ ತಕ್ಕಡಿಯಲ್ಲಿ ಮೊದಲ ಗಂಟೆಯ ಕಾಗದದ ತೂಕ ದೊಡ್ಡದು. ಪ್ರಥಮ ವರ್ತಮಾನ ವರದಿ, ಸ್ಥಳದ ಮಹಜರು, ಮೋಟಾರು ವಾಹನ ನಿರೀಕ್ಷಕರ ತಪಾಸಣೆಯ ವರದಿ ಇವೆಲ್ಲ ಒಟ್ಟುಗೂಡಿ ಆ ಒಂದು ಸಾಲನ್ನು ಎದುರಿಸಬೇಕಾಗುತ್ತದೆ.

ಇಲ್ಲಿ ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಬರವಣಿಗೆಯು ಎಷ್ಟೇ ಮುಖ್ಯವಾದರೂ ಅದು ಎರಡನೆಯ ಕೆಲಸ. ಜೀವ ಉಳಿಸುವುದು ಮೊದಲನೆಯದು. ಒಂದು ಕಾಲದಲ್ಲಿ ಈ ಕ್ರಮ ತಲೆಕೆಳಗಾಗಿತ್ತು. ವಾಹನ ಬಡಿದು ಗಾಯಗೊಂಡ ಸ್ಕೂಟರ್ ಸವಾರನೊಬ್ಬನನ್ನು ಹತ್ತಿರದ ಆಸ್ಪತ್ರೆಗೆ ಒಯ್ದಾಗ, ಪೊಲೀಸು ಪ್ರಕರಣಗಳನ್ನು ನೋಡುವ ಅಧಿಕಾರ ತಮಗಿಲ್ಲವೆಂದು ಹೇಳಿ ಇಪ್ಪತ್ತು ಕಿಲೋಮೀಟರು ದೂರದ ಇನ್ನೊಂದು ಆಸ್ಪತ್ರೆಗೆ ಕಳುಹಿಸಿದರೆಂದೂ, ಅವನು ದಾರಿಯಲ್ಲೇ ತೀರಿಕೊಂಡನೆಂದೂ ಪತ್ರಿಕೆಯೊಂದರಲ್ಲಿ ಪ್ರಕಟವಾದ ವರದಿ ಸುಪ್ರೀಂ ಕೋರ್ಟಿನ ಮುಂದೆ ಬಂದಿತು. 1989ರ ಆಗಸ್ಟಿನಲ್ಲಿ ನ್ಯಾಯಾಲಯವು ಖಂಡಿತವಾಗಿ ಸಾರಿತು: ಗಾಯಾಳುವಿಗೆ ಕೂಡಲೇ ಚಿಕಿತ್ಸೆ ನೀಡುವುದು ಸರ್ಕಾರಿ ಡಾಕ್ಟರಿರಲಿ ಖಾಸಗಿ ಡಾಕ್ಟರಿರಲಿ ಪ್ರತಿಯೊಬ್ಬ ವೈದ್ಯನ ಕರ್ತವ್ಯ, ಪೊಲೀಸರ ವಿಧಿವಿಧಾನಗಳು ಅದಕ್ಕೆ ಅಡ್ಡ ಬರಲಾಗದು. ಗಾಯಾಳುವನ್ನು ಕರೆತಂದವರಿಗೂ ಈಗ ರಕ್ಷಣೆಯುಂಟು. ಕರ್ನಾಟಕವು 2016ರಲ್ಲೇ ಇಂಥ ಪರೋಪಕಾರಿಗಳಿಗಾಗಿ ಪ್ರತ್ಯೇಕ ಶಾಸನವನ್ನು ರೂಪಿಸಿತು. 2019ರಲ್ಲಿ ಮೋಟಾರು ವಾಹನಗಳ ಅಧಿನಿಯಮಕ್ಕೂ ಅಂಥದೊಂದು ಕಲಮು ಸೇರಿತು. ಆದುದರಿಂದ ಕರೆತಂದವರು ಹೆದರಿ ಬಾಗಿಲಲ್ಲೇ ಬಿಟ್ಟು ಓಡಬೇಕಾಗಿಲ್ಲ. ಕಂಡದ್ದನ್ನು ಹೇಳಿ ಹೋಗಬಹುದು. ಅವರು ಹೇಳಿಹೋಗುವ ಆ ಎರಡು ಮಾತು ಚಿಕಿತ್ಸೆಗೂ ಬೇಕು, ಕಾಗದಕ್ಕೂ ಬೇಕು.

ರಸ್ತೆ ಅಪಘಾತದ ಗಾಯಾಳು ಬಂದೊಡನೆ ಆಸ್ಪತ್ರೆಯಲ್ಲಿ ಹಲವು ಬರಹಗಳು ಹುಟ್ಟುತ್ತವೆ. ಮೊದಲನೆಯದು ಅಪಘಾತದ ರಿಜಿಸ್ಟರು, ಇದಕ್ಕೆ ಎಂ.ಎಲ್.ಸಿ. ರಿಜಿಸ್ಟರೆಂದೂ ಹೇಳುವುದುಂಟು. ಎರಡನೆಯದು ಪೊಲೀಸು ಠಾಣೆಗೆ ಹೋಗುವ ಸೂಚನಾಪತ್ರ. ಮೂರನೆಯದು ರೋಗಿಯ ಕೇಸ್ ಷೀಟು. ಕೊನೆಗೆ, ಪೊಲೀಸರು ಕೇಳಿದಾಗ ಕೊಡುವ ಗಾಯದ ಪ್ರಮಾಣಪತ್ರ. ಕೋರ್ಟುಕಚೇರಿಗಳಲ್ಲಿ ಎಲ್ಲರೂ ವೂಂಡ್ ಸರ್ಟಿಫಿಕೇಟ್ ಎಂದು ಕರೆಯುವುದು ಇದನ್ನೇ. ಗಾಯಾಳುವಿನ ಹೆಸರು, ವಯಸ್ಸು, ಮೈಮೇಲಿನ ಗುರುತಿನ ಮಚ್ಚೆಗಳು, ಯಾರು ಕರೆತಂದರು, ಎಷ್ಟು ಗಂಟೆಗೆ ಪರೀಕ್ಷಿಸಲಾಯಿತು, ಏನು ನಡೆಯಿತೆಂದು ಹೇಳಿದರು, ಯಾವ ಯಾವ ಗಾಯ ಎಲ್ಲೆಲ್ಲಿ ಎಷ್ಟೆಷ್ಟು ಉದ್ದಗಲ, ಎಕ್ಸ್-ರೇ ತೆಗೆದಿದ್ದರೆ ಅದರ ನಂಬರು, ಗಾಯ ಸಾಧಾರಣವೋ ತೀವ್ರವೋ ಎಂಬ ಅಭಿಪ್ರಾಯ ಇಷ್ಟೂ ಅದರಲ್ಲಿರಬೇಕು.

ಗಾಯವನ್ನು ಬಣ್ಣಿಸುವ ಮಾತುಗಳಿಗೂ ಒಂದೊಂದು ಅರ್ಥವಿದೆ. ತರಚಿದ ಗಾಯ ಬೇರೆ, ಕಂದಿದ ಗಾಯ ಬೇರೆ. ಹರಿದ ಗಾಯ ಬೇರೆ, ಕೊಯ್ದ ಗಾಯ ಬೇರೆ. ಡಾಂಬರಿನ ಮೇಲೆ ಉಜ್ಜಿಹೋದವನ ಮೊಣಕೈಯಲ್ಲಿಯೂ ಸೊಂಟದ ಪಕ್ಕದಲ್ಲಿಯೂ ಒಂದೇ ದಿಕ್ಕಿಗೆ ಎಳೆದಂತಹ ತರಚು ಉಳಿದಿರುತ್ತದೆ. ಅದರಲ್ಲಿ ರಸ್ತೆಯ ಮಣ್ಣೂ ಮರಳೂ ಸೇರಿರುವುದುಂಟು. ಮರದ ಬುಡದ ಮೆತ್ತನೆಯ ನೆಲಕ್ಕೆ ಬಿದ್ದವನಲ್ಲಿ ಅಂಥ ಗುರುತನ್ನು ಕಾಣುವುದು ಅಪರೂಪ. "ಬಲ ಭುಜದಲ್ಲಿ ನೋವು" ಎಂದು ಬರೆದು ಬಿಡುವುದಕ್ಕೂ, "ಬಲ ಮೊಣಕೈಯ ಹೊರಬದಿಯಲ್ಲಿ ಇಷ್ಟು ಸೆಂಟಿಮೀಟರು ಉದ್ದಗಲದ, ಮರಳು ಮೆತ್ತಿದ ತರಚುಗಾಯ" ಎಂದು ಇನ್ನೊಂದು ಸಾಲು ಬರೆಯುವುದಕ್ಕೂ ಎರಡು ನಿಮಿಷದ ಅಂತರ. ಆ ಎರಡು ನಿಮಿಷವನ್ನು ವ್ಯಯಿಸಿದ್ದರೆ ಕಾಗದವೇ ಮುಂದೆ ಸಾಕ್ಷಿ ಹೇಳುತ್ತಿತ್ತು. ಹದಿನೈದು ದಿನಗಳಲ್ಲಿ ತರಚುಗಾಯ ಮಾಯ್ದು ಹೋಗುತ್ತದೆ. ಆಮೇಲೆ ಅದನ್ನು ಯಾವ ನ್ಯಾಯಾಧೀಶರಿಗೂ ತೋರಿಸಲಾಗದು.

ಸಾಧಾರಣ, ತೀವ್ರ ಎಂಬ ವಿಂಗಡಣೆಯೂ ಡಾಕ್ಟರ ಇಚ್ಛೆಗೆ ಬಿಟ್ಟದ್ದಲ್ಲ. ಹಳೆಯ ಭಾರತ ದಂಡ ಸಂಹಿತೆಯ 320ನೆಯ ಕಲಮು ಎಂಟು ಬಗೆಯ ತೀವ್ರ ಗಾಯಗಳನ್ನು ಹೆಸರಿಸಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 116ನೆಯ ಕಲಮಾಗಿದೆ. ಒಂದು ಕಣ್ಣಿನ ದೃಷ್ಟಿ ಅಥವಾ ಒಂದು ಕಿವಿಯ ಶ್ರವಣ ಶಾಶ್ವತವಾಗಿ ಹೋಗುವುದು, ಅಂಗವೋ ಕೀಲೋ ನಷ್ಟವಾಗುವುದು, ಅದರ ಶಕ್ತಿ ಕುಂದುವುದು, ಮುಖ ವಿಕಾರವಾಗುವುದು, ಮೂಳೆ ಅಥವಾ ಹಲ್ಲು ಮುರಿಯುವುದು ಇಲ್ಲವೆ ಸ್ಥಾನ ತಪ್ಪುವುದು ಮೊದಲಾದವು ಈ ಪಟ್ಟಿಗೆ ಸೇರಿವೆ. ಕೊನೆಯ ಬಗೆಯಲ್ಲಿ ಒಂದು ಬದಲಾವಣೆಯಾಗಿದೆ. ತೀವ್ರ ನೋವಿನಿಂದ ನರಳಿದ ಅಥವಾ ನಿತ್ಯದ ಕೆಲಸ ಮಾಡಲಾಗದೆ ಹೋದ ಅವಧಿ ಹಿಂದೆ ಇಪ್ಪತ್ತು ದಿನಗಳಾಗಿದ್ದಿತು. ಈಗ ಹದಿನೈದು ದಿನಗಳು ಸಾಕು. ಹೀಗಿರುವಲ್ಲಿ, ಎಕ್ಸ್-ರೇ ನೋಡದೆ "ಸಾಧಾರಣ" ಎಂದು ಬರೆದುಬಿಟ್ಟರೆ ಮೂಳೆ ಮುರಿದವನಿಗೂ ಅನ್ಯಾಯ. ಮುರಿಯದ ಮೂಳೆಯನ್ನು "ತೀವ್ರ" ಎಂದು ಬರೆದರೆ ಕಾರು ನಡೆಸಿದವನಿಗೂ ಅನ್ಯಾಯ. ಪರೀಕ್ಷೆ ಮುಗಿಯುವ ತನಕ ಅಭಿಪ್ರಾಯವನ್ನು ಕಾದಿರಿಸುವುದೇ ಬಲ್ಲವರ ರೀತಿ.

ಕೇಸ್ ಷೀಟಿನ ಮಾತು ಮುಂದೆ ಅಂಕಿಯಾಗಿ ಬದಲಾಗುವುದುಂಟು. ದೊಡ್ಡ ಆಸ್ಪತ್ರೆಗಳ ದಾಖಲೆ ವಿಭಾಗದಲ್ಲಿ ಕುಳಿತವರು ರೋಗಿ ಬಿಡುಗಡೆಯಾದ ಮೇಲೆ ಅವನ ಕಾಗದಗಳನ್ನೆಲ್ಲ ಓದಿ, ಪ್ರತಿಯೊಂದು ರೋಗಕ್ಕೂ ಗಾಯಕ್ಕೂ ಒಂದೊಂದು ಸಂಕೇತವನ್ನು ಹಾಕುತ್ತಾರೆ. ಈ ಸಂಕೇತಗಳ ಹಿಂದೆ ದೀರ್ಘವಾದ ಚರಿತ್ರೆಯಿದೆ. ಇಂಗ್ಲೆಂಡಿನ ವಿಲಿಯಂ ಫಾರ್ ಎಂಬಾತ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ, ಒಂದೇ ಕಾಯಿಲೆಗೆ ಊರಿಗೊಂದು ಹೆಸರಿದ್ದರೆ ಸಾವಿನ ಲೆಕ್ಕವನ್ನು ಹೋಲಿಸುವ ಬಗೆ ಯಾವುದೆಂದು ಚಿಂತಿಸಿದ. ಫ್ರಾನ್ಸಿನ ಜಾಕ್ ಬರ್ಟಿಯೋನ್ ಸಿದ್ಧಪಡಿಸಿದ ಸಾವಿನ ಕಾರಣಗಳ ಪಟ್ಟಿಯನ್ನು 1893ರಲ್ಲಿ ಚಿಕಾಗೋದಲ್ಲಿ ಕೂಡಿದ ಅಂಕಿಅಂಶ ತಜ್ಞರ ಸಭೆ ಒಪ್ಪಿತು. 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದರ ಹೊಣೆ ಹೊತ್ತು, ಸಾವಷ್ಟನ್ನೇ ಅಲ್ಲದೆ ಕಾಯಿಲೆಗಳನ್ನೂ ಗಾಯಗಳನ್ನೂ ಸೇರಿಸಿತು. ಅದರ ಹತ್ತನೆಯ ಪರಿಷ್ಕರಣ 1990ರಲ್ಲಿ ಅಂಗೀಕಾರವಾಯಿತು. ಹನ್ನೊಂದನೆಯದು 2022ರ ಜನವರಿ 1ರಿಂದ ಜಾರಿಗೆ ಬಂದಿದೆ.

ಹತ್ತನೆಯ ಪರಿಷ್ಕರಣದಲ್ಲಿ ಅಪಘಾತದ ಗಾಯಾಳುವಿಗೆ ಎರಡು ಸಂಕೇತಗಳು ಬೇಕು. ಒಂದು, ಏನಾಗಿದೆ ಎಂಬುದಕ್ಕೆ. ಇನ್ನೊಂದು, ಹೇಗಾಯಿತು ಎಂಬುದಕ್ಕೆ. ಭುಜದ ಬಳಿ ತೋಳಿನ ಮೂಳೆಯ ಮೇಲ್ತುದಿ ಮುರಿದಿದ್ದರೆ ಎಸ್ 42.2. ಅದು ಮರದಿಂದ ಬಿದ್ದುದರಿಂದ ಆಗಿದ್ದರೆ ಜೊತೆಗೆ ಡಬ್ಲ್ಯೂ 14. ಮೇಲಿನಿಂದ ಕಾಯಿಯೇ ಬಿದ್ದಿದ್ದರೆ ಡಬ್ಲ್ಯೂ 20. ಮೊಪೆಡ್ಡನ್ನು ನಡೆಸುತ್ತಿದ್ದವನಿಗೆ ರಸ್ತೆಯಲ್ಲಿ ಕಾರು ಡಿಕ್ಕಿ ಹೊಡೆದು ಆಗಿದ್ದರೆ ವಿ 23.4. ಮೂಳೆ ಅದೇ, ನೋವು ಅದೇ, ಪ್ಲಾಸ್ಟರು ಅದೇ. ಕಾರಣದ ಸಂಕೇತ ಮಾತ್ರ ಬೇರೆ. ಆ ಬೇರೆತನದ ಮೇಲೆ ಯಾರು ಹಣ ತೆರಬೇಕು ಎಂಬುದು ನಿಂತಿದೆ. ರಸ್ತೆಯಲ್ಲಿ ಎಷ್ಟು ಮಂದಿಗೆ ಗಾಯವಾಗುತ್ತಿದೆ, ಎಲ್ಲಿ ಉಬ್ಬು ಹಾಕಬೇಕು, ಎಲ್ಲಿ ದೀಪ ಬೇಕು ಎಂಬ ಸರ್ಕಾರದ ಲೆಕ್ಕವೂ ಅದರ ಮೇಲೆಯೇ ನಿಂತಿದೆ.

ಅರಳಗುಪ್ಪೆಯವರಿಗೆ ಇದು ಅರ್ಥವಾಗದ ಸಂಗತಿಯಲ್ಲ. ಊರಿನ ಕಲ್ಲೇಶ್ವರ ದೇವಾಲಯದ ಪ್ರಸಿದ್ಧವಾದ ನೊಳಂಬರ ಕಾಲದ ಛಾವಣಿಯಲ್ಲಿ ನಡುವೆ ಶಿವನು ನರ್ತಿಸುತ್ತಿದ್ದಾನೆ, ಸುತ್ತಲೂ ಅಷ್ಟದಿಕ್ಪಾಲಕರು. ಇಂದ್ರನಿಗೆ ಆನೆ, ಅಗ್ನಿಗೆ ಟಗರು, ಯಮನಿಗೆ ಕೋಣ: ವಾಹನವನ್ನು ಕಂಡು ದೇವತೆಯನ್ನು ಗುರುತಿಸುವುದು ರೂಢಿ. ವಾಹನವನ್ನು ತಪ್ಪಾಗಿ ಕಡೆದರೆ ಕೆಳಗೆ ನಿಂತು ನೋಡುವವನು ಯಮನನ್ನೇ ಇಂದ್ರನೆಂದು ತಿಳಿದಾನು. ಆಸ್ಪತ್ರೆಯ ಸಂಕೇತವೂ ಅಂಥ ಒಂದು ಗುರುತು. ಆದರೆ ಗುರುತನ್ನು ಹಾಕುವವರು ಗಾಯಾಳುವನ್ನು ಕಂಡಿರುವುದಿಲ್ಲ. ಡಾಕ್ಟರು ಬರೆದದ್ದನ್ನು ಮಾತ್ರ ಕಂಡಿರುತ್ತಾರೆ. ಕಾಗದದಲ್ಲಿ ಮರವಿದ್ದರೆ ಅವರು ಮರವನ್ನೇ ಬರೆಯಬೇಕು. ಊಹಿಸಿ ಬರೆಯಬಾರದೆಂಬುದೇ ಆ ವೃತ್ತಿಯ ಮೊದಲ ಪಾಠ.

ಈ ವೃತ್ತಿ ಇಂದು ಬೆಂಗಳೂರಿನಲ್ಲಿ ಅನೇಕರಿಗೆ ಅನ್ನ ನೀಡುತ್ತಿದೆ. ಅಮೆರಿಕದ ಆಸ್ಪತ್ರೆಗಳ ಕಾಗದಗಳನ್ನು ಓದಿ ಸಂಕೇತ ಹಾಕುವ ಕಂಪೆನಿಗಳಲ್ಲಿ ನಮ್ಮ ಜಿಲ್ಲೆಗಳ ಪದವೀಧರರು ಕೆಲಸ ಮಾಡುತ್ತಾರೆ. ಅಮೆರಿಕದವರು ತಮ್ಮದೇ ವಿಸ್ತಾರವಾದ ಆವೃತ್ತಿಯನ್ನು 2015ರ ಅಕ್ಟೋಬರ್ 1ರಿಂದ ಬಳಸುತ್ತಿದ್ದಾರೆ. ಅಲ್ಲಿ ಕಾರು ಅಪಘಾತದಲ್ಲಿ ಗಾಯಗೊಂಡವನು ಕಾರನ್ನು ನಡೆಸುತ್ತಿದ್ದನೋ ಪಕ್ಕದಲ್ಲಿ ಕುಳಿತಿದ್ದನೋ, ಎದುರಿನದು ಯಾವ ಬಗೆಯ ವಾಹನ, ಇದು ಮೊದಲ ಹಂತದ ಚಿಕಿತ್ಸೆಯೋ ಮುಂದುವರಿದ ಚಿಕಿತ್ಸೆಯೋ, ಹಳೆಯ ಗಾಯದ ಉಳಿಕೆಯೋ ಎಂಬುದಕ್ಕೆಲ್ಲ ಒಂದೊಂದು ಅಕ್ಷರವುಂಟು. ತಿಪಟೂರಿನ ಕಡೆಯ ಹುಡುಗಿಯೊಬ್ಬಳು ರಾತ್ರಿಪಾಳಿಯಲ್ಲಿ ಕುಳಿತು, ತಾನೆಂದೂ ಕಾಣದ ದೇಶದ ಕಾರಿನ ಡಿಕ್ಕಿಯನ್ನು ಏಳು ಅಕ್ಷರಗಳಲ್ಲಿ ಕರಾರುವಾಕ್ಕಾಗಿ ದಾಖಲಿಸುವಾಗ, ಅವಳ ಊರಿನ ಕಾಯಿ ಸುಲಿಯುವವನ ಡಿಕ್ಕಿ ಒಂದು ತಪ್ಪು ಮಾತಿನಲ್ಲಿ ಮುಗಿದುಹೋಗುವುದು ವಿಷಾದದ ಸಂಗತಿ. ಬುದ್ಧಿಯ ಕೊರತೆಯಿಂದ ಹೀಗಾಗಿಲ್ಲ. ಅಲ್ಲಿ ಪ್ರತಿ ಅಕ್ಷರಕ್ಕೂ ಹಣ ಹೊಂದಿಕೊಂಡಿರುವುದು ಎಲ್ಲರಿಗೂ ಗೊತ್ತು. ಇಲ್ಲಿ ಅದು ಗೊತ್ತಾಗುವುದು ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ.

ಕಾರಣ ಸ್ಥಿರಪಟ್ಟ ಮೇಲೆ ಬರುವ ಪ್ರಶ್ನೆ ನಷ್ಟ ಎಷ್ಟು ಎಂಬುದು. ಇಲ್ಲಿಯೂ ಡಾಕ್ಟರ ಬರವಣಿಗೆಯೇ ಆಧಾರ. ಆದರೆ ಬರಿಯ ಶೇಕಡಾ ಲೆಕ್ಕ ಸಾಲದು. 2010ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ನೀಡಿದ ತೀರ್ಪೊಂದು ಈ ವಿಷಯದಲ್ಲಿ ದಾರಿದೀಪವಾಗಿದೆ. ಅದನ್ನು ಬರೆದವರು ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಾಧೀಶರಾಗಿದ್ದ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್ ಅವರು. ಒಂದು ಕಾಲಿಗೆ ಅಥವಾ ಕೈಗೆ ಆದ ಊನವನ್ನೇ ಇಡೀ ದೇಹದ ಊನವೆಂದು ಎಣಿಸಬಾರದು. ದೇಹದ ಊನವನ್ನೇ ಸಂಪಾದನೆಯ ನಷ್ಟವೆಂದೂ ಎಣಿಸಬಾರದು. ಗಾಯಾಳು ಮೊದಲು ಏನು ಕೆಲಸ ಮಾಡುತ್ತಿದ್ದನು, ಈಗ ಏನು ಮಾಡಬಲ್ಲನು, ಏನು ಮಾಡಲಾರನು ಎಂಬುದನ್ನು ಕಂಡುಕೊಳ್ಳಬೇಕು ಎಂದು ಅದು ವಿವರಿಸಿತು. ಎಡಗೈ ಕಳೆದುಕೊಂಡ ಡ್ರೈವರನಿಗೆ ಅಥವಾ ಬಡಗಿಗೆ ಬಹುಮಟ್ಟಿಗೆ ಸಂಪಾದನೆಯೇ ಹೋಗಬಹುದು. ಸರ್ಕಾರಿ ಗುಮಾಸ್ತೆಗೆ ಕೆಲಸ ಉಳಿಯಬಹುದು. ಊನ ಒಂದೇ, ನಷ್ಟ ಬೇರೆ. ಚಿಕಿತ್ಸೆ ಮಾಡದ ಡಾಕ್ಟರು ಕೇಳಿದೊಡನೆ ಕೊಡುವ ಸಿದ್ಧ ಪ್ರಮಾಣಪತ್ರಗಳ ವಿಷಯದಲ್ಲಿ ಎಚ್ಚರವಾಗಿರಬೇಕೆಂದೂ ಆ ತೀರ್ಪು ಹೇಳಿತು.

ಕಾಯಿ ಸುಲಿಯುವವನ ಕೆಲಸವನ್ನು ಕಂಡವರಿಗೆ ಇದರ ಮರ್ಮ ತಿಳಿಯುತ್ತದೆ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯನ್ನು ಎರಡೂ ಕೈಗಳಿಂದ ಹಿಡಿದು, ನೆಲದಲ್ಲಿ ನಟ್ಟ ಕಬ್ಬಿಣದ ಮೊನೆಗೆ ಇಡೀ ಮೈಭಾರವನ್ನು ಹಾಕಿ ಒತ್ತಿ, ತಿರುಚಿ, ಮಟ್ಟೆಯನ್ನು ಬಿಡಿಸಬೇಕು. ದಿನವೂ ನೂರಾರು ಸಲ ಅದೇ ಒತ್ತು, ಅದೇ ತಿರುಚು. ಭುಜ ಅರ್ಧ ಮಾತ್ರ ಏಳುವವನು ಊಟ ಮಾಡಬಲ್ಲ, ಅಂಗಿ ತೊಡಬಲ್ಲ, ಸಹಿ ಹಾಕಬಲ್ಲ, ಕಾಯಿ ಸುಲಿಯಲಾರ. ಆದುದರಿಂದ ಆಸ್ಪತ್ರೆಯ ಕಾಗದದಲ್ಲಿ "ಕಸುಬು: ಕೂಲಿ" ಎಂದಿರುವುದಕ್ಕೂ "ಕಸುಬು: ಕಾಯಿ ಸುಲಿಯುವುದು" ಎಂದಿರುವುದಕ್ಕೂ ಅಂತರವಿದೆ. ಬಲಗೈಯವನೋ ಎಡಗೈಯವನೋ ಎಂಬುದನ್ನು ಬರೆದಿಡಬೇಕು. ಪ್ಲಾಸ್ಟರು ಬಿಚ್ಚಿದ ದಿನ ಭುಜ ಎಷ್ಟು ಅಂಶ ಎದ್ದಿತು, ಮೂರು ತಿಂಗಳ ಮೇಲೆ ಎಷ್ಟು ಎಂಬುದನ್ನೂ ಬರೆದಿಡಬೇಕು.

ಲೆಕ್ಕಕ್ಕಾಗಿ ಅವನ ತಿಂಗಳ ಸಂಪಾದನೆ 15,000 ರೂಪಾಯಿ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 1,80,000. ಸುಪ್ರೀಂ ಕೋರ್ಟು 2009ರಲ್ಲಿ ಗೊತ್ತುಮಾಡಿದ ಗುಣಕಗಳ ಪಟ್ಟಿಯಂತೆ 36ರಿಂದ 40ರವರೆಗಿನ ವಯಸ್ಸಿಗೆ ಗುಣಕ 15. ಗುಣಿಸಿದರೆ 27,00,000. ಸಂಪಾದನೆಯ ನಷ್ಟ ಶೇಕಡಾ 20 ಎಂದು ನಿರ್ಧಾರವಾದರೆ ಅವನಿಗೆ ಈ ಬಾಬಿನಲ್ಲಿ 5,40,000. ಶೇಕಡಾ 50 ಎಂದಾದರೆ 13,50,000. ಭವಿಷ್ಯದ ಏಳಿಗೆ, ಚಿಕಿತ್ಸೆಯ ವೆಚ್ಚ, ನೋವು ಸಂಕಟಗಳ ಬಾಬು ಬೇರೆ. ಇನ್ನು ವಯಸ್ಸನ್ನು ನೋಡೋಣ. ನರೆತ ಗಡ್ಡವನ್ನು ಕಂಡು ಯಾರೋ ಮೂವತ್ತೆಂಟಕ್ಕೆ ಬದಲಾಗಿ ನಲವತ್ತೆಂಟು ಎಂದು ಬರೆದರೆ ಗುಣಕ 13ಕ್ಕೆ ಇಳಿಯುತ್ತದೆ. ಅದೇ ಶೇಕಡಾ 50ರ ಲೆಕ್ಕದಲ್ಲಿ 1,80,000 ರೂಪಾಯಿ ಕಡಿಮೆಯಾಗುತ್ತದೆ. ಅಂದರೆ ಅವನ ಒಂದು ವರ್ಷದ ದುಡಿಮೆ. ಆಧಾರ ಕಾರ್ಡನ್ನೋ ಶಾಲೆಯ ಸರ್ಟಿಫಿಕೇಟನ್ನೋ ತೋರಿಸಿ ಅದನ್ನು ಸರಿಪಡಿಸಬಹುದು. ಆದರೆ ಅದಕ್ಕೂ ಓಡಾಟ, ಅದಕ್ಕೂ ವಾದ.

ಸಂಪಾದನೆಗೆ ರಸೀದಿ ಎಲ್ಲಿಂದ ಬರಬೇಕು ಎಂಬುದು ಇನ್ನೊಂದು ಪ್ರಶ್ನೆ. 2011ರಲ್ಲಿ ಕರ್ನಾಟಕದ ಕೂಲಿಕಾರನೊಬ್ಬನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ಉತ್ತರ ಕೊಟ್ಟಿದೆ. ಕೂಲಿ ಮಾಡುವವನಿಂದ ಸಂಬಳದ ಚೀಟಿಯನ್ನು ನಿರೀಕ್ಷಿಸುವುದು ಸಲ್ಲದು. ಅವನು ಹೇಳಿಕೊಂಡ ತಿಂಗಳಿಗೆ 4,500 ರೂಪಾಯಿ ಆ ಕಾಲಕ್ಕೆ ಅಸಹಜವಲ್ಲ ಎಂದು ಒಪ್ಪಿಕೊಂಡಿತು. ಆದರೆ ಅವನು ಯಾವ ಕೆಲಸ ಮಾಡುತ್ತಿದ್ದನೆಂಬುದು ಮೊದಲ ದಿನದ ಕಾಗದದಲ್ಲಿದ್ದರೆ ಈ ಮಾತಿಗೆ ಬಲ ಬರುತ್ತದೆ.

ನಾಣ್ಯಕ್ಕೆ ಎರಡನೆಯ ಮುಖವೂ ಇದೆ. ಅದನ್ನು ಹೇಳದಿದ್ದರೆ ವಿಷಯ ಪೂರ್ಣವಾಗದು. ರಸ್ತೆಯಲ್ಲಿ ಗಾಯಗೊಂಡವನು ಮರದಿಂದ ಬಿದ್ದವನಾಗುವಂತೆ, ಮರದಿಂದ ಬಿದ್ದವನು ರಸ್ತೆಯ ಗಾಯಾಳುವಾಗುವುದೂ ಅಸಾಧ್ಯವಲ್ಲ. ಮರದಿಂದ ಬಿದ್ದರೆ ಪರಿಹಾರವೆಲ್ಲಿ ಎಂಬ ನಿರಾಶೆ ಒಂದು ಕಡೆ. ಪರಿಚಯದವರದೊಂದು ವಾಹನವಿದೆ, ಅದಕ್ಕೆ ವಿಮೆಯೂ ಇದೆ ಎಂಬ ಆಸೆ ಇನ್ನೊಂದು ಕಡೆ. "ಎರಡು ಅಕ್ಷರ ಬದಲಿಸಿ ಸ್ವಾಮಿ, ಬಡವ ಬದುಕಿಕೊಳ್ತಾನೆ" ಎಂದು ಯಾರಾದರೂ ಡಾಕ್ಟರ ಮುಂದೆ ಕೈಮುಗಿದರೆ ಮನಸ್ಸು ಕರಗುವುದು ಸಹಜ. ಆದರೆ ಹಾಗೆ ಬದಲಿಸಿದ ಪ್ರತಿಯೊಂದು ಕಾಗದವೂ ಮುಂದೆ ಬರುವ ನಿಜವಾದ ಗಾಯಾಳುವಿನ ಕಾಗದದ ಮೇಲೆ ಅನುಮಾನದ ನೆರಳನ್ನು ಚೆಲ್ಲುತ್ತದೆ. ವಿಮಾ ಕಂಪೆನಿಯ ವಕೀಲರು ಅಷ್ಟು ನಿಷ್ಠುರವಾಗಿ ಪ್ರಶ್ನಿಸುವುದಕ್ಕೆ ಇಂಥ ಸುಳ್ಳುಗಳೂ ಕಾರಣ. ಮರವೇರುವವರಿಗಾಗಿ ತೆಂಗು ಅಭಿವೃದ್ಧಿ ಮಂಡಳಿಯ 'ಕೇರ ಸುರಕ್ಷಾ' ಎಂಬ ವಿಮಾ ಯೋಜನೆಯುಂಟು. ಸುಳ್ಳಿಗೆ ಹೊರಡುವ ಮೊದಲು, ಬೀಳುವ ಮೊದಲೇ ಅದಕ್ಕೆ ಸೇರುವುದು ಮೇಲು.

ಕಾಲದ ವಿಷಯದಲ್ಲಿಯೂ ಎಚ್ಚರ ಬೇಕು. 2022ರಲ್ಲಿ ಜಾರಿಗೆ ಬಂದ ನಿಯಮಗಳಂತೆ ಪೊಲೀಸರು ಅಪಘಾತದ ಮೊದಲ ವರದಿಯನ್ನು 48 ಗಂಟೆಗಳಲ್ಲಿಯೂ, ಮಧ್ಯಂತರ ವರದಿಯನ್ನು 50 ದಿನಗಳಲ್ಲಿಯೂ, ವಿವರವಾದ ವರದಿಯನ್ನು 90 ದಿನಗಳಲ್ಲಿಯೂ ಸಲ್ಲಿಸಬೇಕು. ಅದೇ ವರ್ಷದ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಇವುಗಳನ್ನು ತಪ್ಪದೆ ಪಾಲಿಸುವಂತೆ ಆದೇಶಿಸಿತು. ಪರಿಹಾರದ ಅರ್ಜಿಗೆ ಅಪಘಾತದ ದಿನದಿಂದ ಆರು ತಿಂಗಳ ಗಡುವನ್ನು 2019ರ ತಿದ್ದುಪಡಿ ವಿಧಿಸಿದೆ. 2022ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಆ ಗಡುವು ಸಿಂಧುವೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಗಿದೆಯಾದರೂ, ಅದನ್ನು ನಂಬಿ ಕುಳಿತುಕೊಳ್ಳುವುದು ಜಾಣತನವಲ್ಲ. ಅರ್ಜಿಯನ್ನು ಅಪಘಾತ ನಡೆದ ಸ್ಥಳದಲ್ಲಿಯೇ ಹಾಕಬೇಕೆಂದೇನೂ ಇಲ್ಲ. ಗಾಯಾಳು ವಾಸಿಸುವ ಊರಿಗೆ ಸಂಬಂಧಪಟ್ಟ ನ್ಯಾಯಮಂಡಳಿಯಲ್ಲೂ ಹಾಕಬಹುದು. ಗುದ್ದಿದ ವಾಹನ ಯಾವುದೆಂದು ಪತ್ತೆಯಾಗದಿದ್ದರೂ ತೀವ್ರ ಗಾಯಕ್ಕೆ 50,000, ಸಾವಿಗೆ 2,00,000 ರೂಪಾಯಿ ಕೊಡುವ ವ್ಯವಸ್ಥೆಯುಂಟು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಯೋಜನೆಯಂತೆ, ರಸ್ತೆ ಅಪಘಾತದ ಗಾಯಾಳುವಿಗೆ ಮೊದಲ ಏಳು ದಿನಗಳಲ್ಲಿ 1,50,000 ರೂಪಾಯಿಯ ತನಕ ನಗದಿಲ್ಲದ ಚಿಕಿತ್ಸೆ ದೊರೆಯತಕ್ಕದ್ದು. ಇವೆಲ್ಲಕ್ಕೂ ಬಾಗಿಲು ಒಂದೇ: ಇದು ರಸ್ತೆ ಅಪಘಾತವೆಂದು ಕಾಗದ ಹೇಳಬೇಕು.

ಹಾಗಾದರೆ ಮನೆಯವರು ಮಾಡಬೇಕಾದುದೇನು? ಮೊದಲನೆಯದಾಗಿ, ಆಸ್ಪತ್ರೆಯಲ್ಲಿ ಪೂರ್ಣ ವಾಕ್ಯದಲ್ಲಿ ಮಾತಾಡುವುದು. ಎಲ್ಲಿ, ಎಷ್ಟು ಗಂಟೆಗೆ, ಯಾವ ವಾಹನದ ಮೇಲೆ ಹೋಗುತ್ತಿದ್ದಾಗ, ಯಾವ ವಾಹನ ಯಾವ ಕಡೆಯಿಂದ ಬಂದು ತಗುಲಿತು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದೇ ಹೇಳುವುದು. ಎರಡನೆಯದಾಗಿ, ಡಾಕ್ಟರು ಏನೆಂದು ಬರೆದುಕೊಂಡರೆಂದು ವಿನಯದಿಂದ ಕೇಳುವುದು. ತಪ್ಪಿದ್ದರೆ ಅಂದೇ ತಿಳಿಸುವುದು. ತಿದ್ದುವಾಗ ಹಳೆಯ ಸಾಲನ್ನು ಅಳಿಸಬಾರದು, ಅದರ ಮೇಲೆ ಗೀಚಬಾರದು; ಓದಲು ಬರುವಂತೆ ಒಂದೇ ಗೆರೆ ಎಳೆದು, ಯಾರು ಹೇಳಿದರೆಂಬುದನ್ನೂ ದಿನಾಂಕ, ವೇಳೆಗಳನ್ನೂ ಬರೆದು ಸಹಿ ಮಾಡಬೇಕು. ಮುಚ್ಚಿದ ತಿದ್ದುಪಡಿ ಅನುಮಾನವನ್ನು ಹುಟ್ಟಿಸುತ್ತದೆ. ತೆರೆದ ತಿದ್ದುಪಡಿ ಅದನ್ನು ಕಳೆಯುತ್ತದೆ. ಮೂರನೆಯದಾಗಿ, ಎಕ್ಸ್-ರೇ ಫಿಲ್ಮು, ಡಿಸ್ಚಾರ್ಜ್ ಕಾಗದ, ಔಷಧದ ಬಿಲ್ಲು, ಮರುಭೇಟಿಯ ಚೀಟಿ ಇವನ್ನೆಲ್ಲ ದಿನಾಂಕದ ಕ್ರಮದಲ್ಲಿ ಒಂದು ಚೀಲದಲ್ಲಿಡುವುದು. ನಾಲ್ಕನೆಯದಾಗಿ, ನೋವು ಕಡಿಮೆಯಾಯಿತೆಂದು ಮರುಭೇಟಿಯನ್ನು ತಪ್ಪಿಸದಿರುವುದು. ಆಸ್ಪತ್ರೆಗೆ ಹೋಗದ ತಿಂಗಳುಗಳನ್ನು ಎದುರು ಪಕ್ಷದವರು ಗುಣವಾದ ತಿಂಗಳುಗಳೆಂದೇ ಎಣಿಸುತ್ತಾರೆ.

ಮತ್ತೆ ಆ ಸಂಜೆಗೆ ಹಿಂದಿರುಗಬಹುದು. ರಾತ್ರಿ ಒಂಬತ್ತು ಗಂಟೆ. ಸುದ್ದಿ ಕೇಳಿ ಅರಳಗುಪ್ಪೆಯಿಂದ ಗಾಯಾಳುವಿನ ಹೆಂಡತಿ ಓಡೋಡಿ ಬಂದಿದ್ದಾಳೆ. ಗಂಡನಿಗೆ ಈಗ ಸ್ವಲ್ಪ ಮಾತು ಬಂದಿದೆ. ಕಾರು ತಗುಲಿದ್ದನ್ನು ಅವಳಿಗೆ ಹೇಳಿದ್ದಾನೆ. ರೌಂಡಿಗೆ ಬಂದ ಡಾಕ್ಟರು ಷೀಟನ್ನು ನೋಡಿ, "ಎಷ್ಟು ಎತ್ತರದಿಂದ ಬಿದ್ದರಮ್ಮ?" ಎಂದು ಕೇಳುತ್ತಾರೆ. ಅವಳಿಗೆ ಪ್ರಶ್ನೆಯೇ ತಿಳಿಯುವುದಿಲ್ಲ.

"ಮರದಿಂದ ಬೀಳಲಿಲ್ಲ ಸ್ವಾಮಿ. ಮರ ಹತ್ತೋರಲ್ಲ ಅವರು, ಕಾಯಿ ಸುಲಿಯೋರು. ಕಾರು ಹೊಡೆದದ್ದು."

ಡಾಕ್ಟರು ಗಾಯಾಳುವಿನ ಕಡೆಗೆ ತಿರುಗಿ, ಅವನ ಬಾಯಿಂದಲೇ ಎಲ್ಲವನ್ನೂ ಕೇಳಿಕೊಳ್ಳುತ್ತಾರೆ. ಮೊಣಕೈಯನ್ನು ದೀಪದ ಬೆಳಕಿಗೆ ತಿರುಗಿಸಿ ನೋಡುತ್ತಾರೆ. ತರಚಿದ ಚರ್ಮದಲ್ಲಿ ಇನ್ನೂ ಮರಳಿದೆ. ಹಳೆಯ ಸಾಲಿನ ಮೇಲೆ ಒಂದು ಗೆರೆ ಎಳೆದು, ಅದರ ಕೆಳಗೆ ಹೊಸದಾಗಿ ಮೂರು ಸಾಲು ಬರೆದು, ದಿನಾಂಕವನ್ನೂ ವೇಳೆಯನ್ನೂ ಹಾಕಿ ಸಹಿ ಮಾಡುತ್ತಾರೆ. ಆಮೇಲೆ ಠಾಣೆಗೆ ಸೂಚನಾಪತ್ರ ಹೋಯಿತೇ ಎಂದು ನರ್ಸನ್ನು ವಿಚಾರಿಸುತ್ತಾರೆ.

ಗಂಡನ ಭುಜಕ್ಕೆ ಆ ಮೂರು ಸಾಲುಗಳಿಂದ ಯಾವ ಗುಣವೂ ಆಗಲಾರದು. ಆದರೆ ನಾಳೆ ಅವನು ಕಾಯಿ ಸುಲಿಯಲಾರದೆ ಮನೆಯಲ್ಲಿ ಕುಳಿತಾಗ, ಒಲೆ ಉರಿಯುವುದೋ ಇಲ್ಲವೋ ಎಂಬುದು ಅವುಗಳನ್ನು ಅವಲಂಬಿಸಿರುತ್ತದೆ.